ಪೆನ್ನು ಅವರ ಕೈಯಲ್ಲೇ ಇರಲಿ: ಜೂನಿಯರ್‌ಗಳಿಗೆ ಗಣಿತ ಹೇಳಿಕೊಟ್ಟ ನನ್ನ ಅನುಭವ

ಇಂಟರ್ನಲ್ಸ್, ಅಂದರೆ ಕಾಲೇಜೇ ನಡೆಸುವ ಪರೀಕ್ಷೆ, ಮುಗಿದ ಮೇಲೆ ಎಷ್ಟೋ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ಪಟ್ಟಿ ನೋಟಿಸ್ ಬೋರ್ಡಿಗೆ ಬೀಳುತ್ತದೆ. ಮೇಲೆ 'ಸ್ಲೋ ಲರ್ನರ್ಸ್' ಅಂತ ತಲೆಬರಹ. ಕೆಳಗೆ ಹೆಸರು, ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ). ಇವರೆಲ್ಲ ಸಂಜೆ ರೆಮೆಡಿಯಲ್ ಕ್ಲಾಸಿಗೆ ಬರಬೇಕು. ಯಾರು ಬರ್ತಾರೆ ಹೇಳಿ? ಎಲ್ಲರ ಎದುರು ಹೆಸರು ಬಿದ್ದ ಹುಡುಗ ಆ ರೂಮಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ನಾನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿ ಬರುವ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ. ಎರಡನೇ ವರ್ಷಕ್ಕೆ ಬಂದಾಗ ಗಣಿತದ ಸರ್ ಕರೆದು, "ಫಸ್ಟ್ ಇಯರ್‌ನವರಿಗೆ ಎಂ-1 ಸ್ವಲ್ಪ ನೋಡ್ಕೋತೀಯಾ ಅಮ್ಮ?" ಅಂತ ಕೇಳಿದರು. ಎಂ-1 ಅಂದರೆ ಮೊದಲ ಸೆಮಿಸ್ಟರಿನ ಗಣಿತ. ಒಪ್ಪಿಕೊಂಡೆ. ಪಟ್ಟಿ ಮಾತ್ರ ಬೇಡ ಸರ್ ಅಂದೆ.

ಆಗ ಅವರೇ ಒಂದು ವಿಷಯ ಹೇಳಿದರು. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್‌ನಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಎಂಬವರು 'ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್' ಅನ್ನುವ ಪದ್ಧತಿ ಶುರು ಮಾಡಿದರಂತೆ. ಅಲ್ಲಿ ದಡ್ಡರು ಯಾರು ಅಂತ ಹುಡುಕುವುದೇ ಇಲ್ಲ. ಯಾವ ಸಬ್ಜೆಕ್ಟ್‌ನಲ್ಲಿ ಜಾಸ್ತಿ ಜನ ಫೇಲ್ ಆಗುತ್ತಾರೆ ಅಂತ ಹುಡುಕುತ್ತಾರೆ. ಆ ಸಬ್ಜೆಕ್ಟ್ ಪಾಸ್ ಮಾಡಿದ ಸೀನಿಯರ್ ಒಬ್ಬರು ಮತ್ತೆ ಅದೇ ಕ್ಲಾಸಿನಲ್ಲಿ ಕೂತು ಪಾಠ ಕೇಳಿ, ಆಮೇಲೆ ಜೂನಿಯರ್‌ಗಳ ಜೊತೆ ಕೂರುತ್ತಾರೆ. ಬರುವುದು ಬಿಡುವುದು ಅವರವರ ಇಷ್ಟ. ಕಷ್ಟ ಇರುವುದು ಸಬ್ಜೆಕ್ಟ್‌ನಲ್ಲಿ, ಹುಡುಗರಲ್ಲಲ್ಲ. ಈ ಒಂದು ಮಾತು ನನಗೆ ಸಾಕಾಯಿತು.

ನೋಟಿಸ್ ಬೋರ್ಡಿಗೆ ಹೆಸರಿನ ಬದಲು ಟಾಪಿಕ್ ಹಾಕಿದೆವು. 'ಗುರುವಾರ, ಲೀನಿಯರ್ ಡಿಫರೆನ್ಷಿಯಲ್ ಇಕ್ವೇಶನ್, ಯಾರು ಬೇಕಾದರೂ ಬನ್ನಿ.' ಅಷ್ಟೇ. ಮೊದಲು ಬಂದವರು ಚೆನ್ನಾಗಿ ಓದುವವರೇ. ಅದು ಒಳ್ಳೆಯದೇ ಆಯಿತು. ಟಾಪರ್ ಕೂತಿರುವ ರೂಮಿಗೆ ಹೋಗೋಕೆ ಯಾರಿಗೂ ನಾಚಿಕೆ ಆಗುವುದಿಲ್ಲ. ನಿಧಾನಕ್ಕೆ ಹಿಂದಿನ ಬೆಂಚಿನವರೂ ಬಂದರು. ಯಾರು ಬಂದರು ಅಂತ ನಾನು ಡಿಪಾರ್ಟ್‌ಮೆಂಟಿಗೆ ಹೇಳುವುದಿಲ್ಲ, ಎಷ್ಟು ಜನ ಬಂದರು ಅಂತ ಮಾತ್ರ ಹೇಳುತ್ತೇನೆ. ಇದನ್ನು ಸರ್ ಹತ್ತಿರ ಮೊದಲೇ ಮಾತಾಡಿಕೊಂಡಿದ್ದೆ.

ಸಮಯದ್ದೂ ಒಂದು ಲೆಕ್ಕ ಇದೆ. ಊರುಗಳಿಂದ ಓಡಾಡುವವರಿಗೆ ಸಂಜೆ ಕಾಲೇಜ್ ಬಸ್ ತಪ್ಪಿದರೆ ಗತಿಯಿಲ್ಲ. ಅವರಿಗೆ ಊಟದ ಬಿಡುವಿನಲ್ಲಿ, ಹಾಸ್ಟೆಲ್‌ನವರಿಗೆ ಸಂಜೆ. ಡಬ್ಬಿ ಬಿಚ್ಚಿಕೊಂಡೇ ಲೆಕ್ಕ ಮಾಡಿದ್ದೇವೆ.

ಇನ್ನು ಹೇಳಿಕೊಡುವ ವಿಷಯ. ನನ್ನದು ಒಂದೇ ನಿಯಮ: ಪೆನ್ನು ಅವರ ಕೈಯಲ್ಲೇ ಇರಬೇಕು. ಬೋರ್ಡ್ ಮುಂದೆ ನಾನು ನಿಂತು ಚಕಚಕ ಅಂತ ಲೆಕ್ಕ ಬಿಡಿಸಿದರೆ ಎಲ್ಲರೂ "ಅರ್ಥ ಆಯ್ತು ಅಕ್ಕಾ" ಅನ್ನುತ್ತಾರೆ. ಆ ಮಾತನ್ನು ನಂಬಬಾರದು. ಪಕ್ಕದಲ್ಲಿ ಕೂತು ಅವರು ಬರೆಯುವುದನ್ನು ನೋಡಬೇಕು. ಎಡವುವುದು ಎಲ್ಲಿ ಅಂತ ಗೊತ್ತಾಗುವುದು ಆಗಲೇ.

ಹಾವೇರಿ ಕಡೆಯ ಒಬ್ಬ ಹುಡುಗ ಇದ್ದ. ಡಿವೈ ಬೈ ಡಿಎಕ್ಸ್ ಪ್ಲಸ್ 2 ಬೈ ಎಕ್ಸ್ ಇಂಟು ವೈ, ಈಕ್ವಲ್ಸ್ ಎಕ್ಸ್. ಇದು ಲೆಕ್ಕ. ಫಾರ್ಮುಲಾ ಬಾಯಿಪಾಠ ಇತ್ತು. ಇಂಟಿಗ್ರೇಟಿಂಗ್ ಫ್ಯಾಕ್ಟರ್, ಅಂದರೆ ಸಮೀಕರಣವನ್ನು ಯಾವುದರಿಂದ ಗುಣಿಸಬೇಕು ಅನ್ನುವುದನ್ನು, ಕಂಡುಹಿಡಿಯಬೇಕು ಅಂತಲೂ ಗೊತ್ತಿತ್ತು. 2 ಬೈ ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಿ 2 ಲಾಗ್ ಎಕ್ಸ್ ಅಂತ ಸರಿಯಾಗೇ ಬರೆದ. ಆಮೇಲೆ 'ಇ ಪವರ್ 2 ಲಾಗ್ ಎಕ್ಸ್' ಬರೆದು, ಮುಂದೆ '2 ಎಕ್ಸ್' ಅಂತ ಹಾಕಿದ. ಅಲ್ಲಿಂದಾಚೆ ಎಲ್ಲ ಗೋಜಲು. "ಇಲ್ಲಿ ತನಕ ಬಂತ್ರೀ ಅಕ್ಕಾ, ಮುಂದ ಹೋಗವಲ್ದು" ಅಂದ.

ತಪ್ಪು ಇಲ್ಲಿದೆ ಅಂತ ನಾನು ತೋರಿಸಲಿಲ್ಲ. "ಎಕ್ಸ್‌ಗೆ 3 ಅಂತ ಹಾಕಿ ನೋಡು. ಇ ಪವರ್ ಲಾಗ್ 3 ಎಷ್ಟು?" ಅಂದೆ. "ಮೂರು." "ಹಾಗಾದ್ರೆ 2 ಲಾಗ್ 3 ಅಂದ್ರೆ?" ಸ್ವಲ್ಪ ಹೊತ್ತು ಸುಮ್ಮನಿದ್ದ. "ಲಾಗ್ 3 ಪ್ಲಸ್ ಲಾಗ್ 3... ಅಂದ್ರ ಲಾಗ್ 9." ಹೇಳಿದವನೇ 2 ಎಕ್ಸ್ ಹೊಡೆದುಹಾಕಿ ಎಕ್ಸ್ ಸ್ಕ್ವೇರ್ ಬರೆದ. ಮುಂದಿನದ್ದು ಸರಾಗ: ಎಕ್ಸ್ ಸ್ಕ್ವೇರ್ ಇಂಟು ವೈ ಈಕ್ವಲ್ಸ್ ಎಕ್ಸ್ ಪವರ್ 4 ಬೈ 4, ಪ್ಲಸ್ ಸಿ.

ನೋಡಿ, ಅವನಿಗೆ ಎಂ-1 ಕಷ್ಟ ಆಗಿರಲಿಲ್ಲ. ಪಿಯುಸಿಯ ಲಾಗರಿದಮ್ ಒಂದು ಕೈಕೊಟ್ಟಿತ್ತು. ಫಸ್ಟ್ ಇಯರ್‌ನಲ್ಲಿ ನಾನು ನೋಡಿದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇಂಥವೇ. ಲಾಗ್, ಪಾರ್ಷಿಯಲ್ ಫ್ರ್ಯಾಕ್ಷನ್, ಸೈನ್-ಕಾಸ್ ಸೂತ್ರಗಳು. ಹಾಗಾಗಿ ಪಿಯುಸಿ ಗಣಿತದ ಪುಸ್ತಕ ಯಾವಾಗಲೂ ಬ್ಯಾಗಿನಲ್ಲಿರುತ್ತದೆ. ಮೆಂಟರ್ ಆಗುವವರಿಗೆ, ಅಂದರೆ ಹೀಗೆ ಜೂನಿಯರ್‌ಗಳ ಜೊತೆ ಕೂರುವ ಸೀನಿಯರ್‌ಗಳಿಗೆ, ನಾನು ಮೊದಲು ಹೇಳುವುದೂ ಇದನ್ನೇ.

ಮಾತೆಲ್ಲ ಕನ್ನಡದಲ್ಲೇ. ಆದರೆ ಪ್ರತಿ ಲೆಕ್ಕದ ಕೊನೆಗೆ, ಪರೀಕ್ಷೆಯಲ್ಲಿ ಹೇಗೆ ಬರೆಯುತ್ತಾರೋ ಹಾಗೆ ಇಂಗ್ಲಿಷ್‌ನಲ್ಲಿ ಎರಡು ಸಾಲು ಬರೆಸುತ್ತೇನೆ. ಲೆಕ್ಕ ಗೊತ್ತಿದ್ದೂ ಬರೆಯೋಕೆ ಹಿಂಜರಿದು ಅಂಕ ಕಳೆದುಕೊಳ್ಳುವವರು ತುಂಬ ಇದ್ದಾರೆ.

ಪರೀಕ್ಷೆ ಹತ್ತಿರ ಬಂದಂತೆ ಒಂದೇ ಪ್ರಶ್ನೆ: "ಎರಡು ಮಾಡ್ಯೂಲ್ ಫುಲ್ ಮಾಡಿದ್ರೆ ಸಾಕಲ್ವಾ ಅಕ್ಕಾ?" ಮಾಡ್ಯೂಲ್ ಅಂದರೆ ಸಿಲಬಸ್‌ನ ಒಂದು ಭಾಗ. ನಾನು ಬೈಯುವುದಿಲ್ಲ, ಲೆಕ್ಕ ಹಾಕಿ ತೋರಿಸುತ್ತೇನೆ. ವಿಟಿಯುವಿನ 2022ರ ಪಠ್ಯಕ್ರಮ, ಅಂದರೆ ಸ್ಕೀಮ್‌ನಲ್ಲಿ ಇಂಟರ್ನಲ್ಸ್ 50, ಪರೀಕ್ಷೆ 50. ಪೇಪರ್ 100 ಅಂಕಕ್ಕೆ ಇರುತ್ತದೆ, ಅದನ್ನು ಅರ್ಧಕ್ಕೆ ಇಳಿಸುತ್ತಾರೆ. ಐದು ಮಾಡ್ಯೂಲ್, ಒಂದೊಂದಕ್ಕೆ 20. ಎರಡು ಮಾಡ್ಯೂಲ್ ಪೂರ್ತಿ ಸರಿ ಬಂದರೆ 40. ಪೇಪರ್‌ನಲ್ಲಿ ಪಾಸಾಗೋಕೆ 35ರ ಆಸುಪಾಸು ಬೇಕೇ ಬೇಕು. ಒಂದು ಮೈನಸ್ ಗುರುತು ತಪ್ಪಿದರೂ ಅಂಚಿಗೆ ಬಂದು ನಿಲ್ಲುತ್ತೀರಿ. ಇಷ್ಟು ನೋಡಿದ ಮೇಲೆ ಮೂರನೇ ಮಾಡ್ಯೂಲ್‌ಗೆ ಅವರೇ ಕೈ ಹಾಕುತ್ತಾರೆ. 'ಇಂಪಾರ್ಟೆಂಟ್ ಕ್ವೆಶ್ಚನ್' ಪಟ್ಟಿ ಮಾತ್ರ ನಾನು ಕೊಡುವುದಿಲ್ಲ. ಹಳೆಯ ಪೇಪರ್ ಕೊಟ್ಟು, ಯಾವುದು ಮತ್ತೆ ಮತ್ತೆ ಬಂದಿದೆ ಅಂತ ಅವರಿಂದಲೇ ಗುರುತು ಹಾಕಿಸುತ್ತೇನೆ. ಅಸೈನ್‌ಮೆಂಟ್ ಬರೆದುಕೊಡುವುದು, ಲ್ಯಾಬ್ ರೆಕಾರ್ಡ್ ತುಂಬುವುದು ಇಲ್ಲವೇ ಇಲ್ಲ.

ಗಣಿತ ಬಿಟ್ಟು ಬೇರೆ ಮಾತೂ ಬರುತ್ತದೆ. ಮನೆಯಲ್ಲಿ ಸಾಲ, ಹಾಸ್ಟೆಲ್‌ನಲ್ಲಿ ಒಂಟಿತನ, ನಿದ್ದೆ ಬಾರದಿರುವುದು. ಒಬ್ಬಳು ಪುಸ್ತಕ ಮುಚ್ಚಿ ಸುಮ್ನೆ ಅಳುತ್ತಾ ಕೂತಿದ್ದಳು. ಇಂಥ ಹೊತ್ತಿನಲ್ಲಿ ಉಪದೇಶ ಮಾಡಬಾರದು. ಕೇಳಿಸಿಕೊಳ್ಳಬೇಕು. ಅವಳು ಒಪ್ಪಿದ ಮೇಲೆ ಕಾಲೇಜಿನ ಕೌನ್ಸೆಲರ್ ಮೇಡಂ ಹತ್ತಿರ ಜೊತೆಗೇ ಹೋದೆ. ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಪ್ರತಿ ಮೆಂಟರ್‌ನ ಫೋನಿನಲ್ಲೂ ಅದು ಇರಬೇಕು. ನಾವು ಗೆಳೆಯರು, ಡಾಕ್ಟರ್ ಅಲ್ಲ.

ಈಗ ಹೊಸ ಮೆಂಟರ್‌ಗಳನ್ನು ಸೇರಿಸಿಕೊಳ್ಳುತ್ತಿದ್ದೇವೆ. ಸಿಜಿಪಿಎ (ಎಲ್ಲ ಸೆಮಿಸ್ಟರ್‌ಗಳ ಸರಾಸರಿ ಗ್ರೇಡ್) ಕೇಳುವುದಿಲ್ಲ, ಸಬ್ಜೆಕ್ಟ್ ಪಾಸ್ ಆಗಿದ್ದರೆ ಸಾಕು. ಒಂದು ಸಲ ಬ್ಯಾಕ್ ಉಳಿಸಿಕೊಂಡು, ಅಂದರೆ ಫೇಲ್ ಆಗಿ, ಆಮೇಲೆ ಪಾಸ್ ಮಾಡಿದವರಿಗೆ ನನ್ನ ಮಟ್ಟಿಗೆ ಮೊದಲ ಆದ್ಯತೆ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಒಂದು ಲೆಕ್ಕ ಕೊಟ್ಟು, ಬಾಯಿ ಬಿಡದೆ ಜೂನಿಯರ್ ಪಕ್ಕ ಐದು ನಿಮಿಷ ಕೂರಲು ಹೇಳುತ್ತೇವೆ. ಕೂತವರನ್ನು ತೆಗೆದುಕೊಳ್ಳುತ್ತೇವೆ.