ಮಾಯಾ ಜನರ ಗುಹೆಯೊಳಗೆ ಈಜಿ ಹೋಗಿದ್ದು

ಮಧ್ಯ ಅಮೆರಿಕದ ಪುಟ್ಟ ದೇಶ ಬೆಲೀಜ್‌ನಲ್ಲಿ ಯಾರನ್ನು ಕೇಳಿದರೂ ಎಟಿಎಂ ಅಂತಲೇ ಹೇಳುತ್ತಾರೆ. ದುಡ್ಡು ತೆಗೆಯುವ ಯಂತ್ರ ಅಲ್ಲ, ಗುಹೆ. ಪೂರ್ತಿ ಹೆಸರು ಆಕ್ಟುನ್ ತುನಿಚಿಲ್ ಮುಕ್ನಾಲ್. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಲ್ಲಿನ ಮೂಲನಿವಾಸಿಗಳಾದ ಮಾಯಾ ಜನ ಪೂಜೆಗೆ ಹೋಗುತ್ತಿದ್ದ ಜಾಗ ಇದು. ಅವರು ಇಟ್ಟ ಮಡಕೆಗಳು, ಬಲಿಯಾದವರ ಎಲುಬುಗಳು ಇವತ್ತಿಗೂ ಅಲ್ಲೇ ಇವೆ. ಹೋಗಿ ಬಂದಾಗಿನಿಂದ ಹೂಸ್ಟನ್‌ನ ನಮ್ಮ ಕನ್ನಡ ಗೆಳೆಯರು "ಹೇಗೆ ಹೋದ್ರಿ, ನಮ್ಮ ಕೈಲಾಗುತ್ತಾ?" ಅಂತ ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಬರೆದೇಬಿಡೋಣ ಅನಿಸಿತು.

ಹೂಸ್ಟನ್‌ನಿಂದ ಬೆಲೀಜ್ ಸಿಟಿಗೆ ನೇರ ವಿಮಾನ ಇದೆ. ಅಲ್ಲಿಂದ ಪಶ್ಚಿಮಕ್ಕೆ, ಗ್ವಾಟೆಮಾಲ ಗಡಿ ಹತ್ತಿರದ ಸಾನ್ ಇಗ್ನಾಸಿಯೊ ಎಂಬ ಪುಟ್ಟ ಊರಿನಲ್ಲಿ ಉಳಿದುಕೊಂಡೆವು. ಅಲ್ಲಿನ ಆಡಳಿತ ಭಾಷೆ ಇಂಗ್ಲಿಷ್. ಹಾಗಾಗಿ ಮಾತಿಗೆ ತೊಂದರೆ ಇಲ್ಲ. ಗುಹೆಗೆ ನಾವು ನಾವೇ ಹೋಗುವಂತಿಲ್ಲ. ಲೈಸೆನ್ಸ್ ಇರುವ ಗೈಡ್ ಜೊತೆಗೇ, ಸಣ್ಣ ಗುಂಪಿನಲ್ಲೇ ಹೋಗಬೇಕು. ಕಡಿಮೆ ರೇಟು ಹುಡುಕಬೇಡಿ, ಒಳ್ಳೆಯ ಗೈಡ್ ಹುಡುಕಿ. ಒಳಗೆ ಬೋರ್ಡು ಇಲ್ಲ, ಬಲ್ಬು ಇಲ್ಲ. ನಿಮಗೆ ಏನು ಕಾಣುತ್ತದೆ ಅನ್ನುವುದು ಅವರು ಎಲ್ಲಿಗೆ ಟಾರ್ಚ್ ಬಿಡುತ್ತಾರೆ ಅನ್ನುವುದರ ಮೇಲೇ ನಿಂತಿದೆ.

ನಾನು ಮಾಡಿಕೊಂಡ ತಯಾರಿ ದೊಡ್ಡದೇನಲ್ಲ. ಹೊರಡುವ ಮೊದಲು ಕೆಲವು ವಾರ ಈಜುಕೊಳಕ್ಕೆ ಹೋದೆ. ನೀರಿನಲ್ಲಿ ಗಾಬರಿಯಾಗದಿದ್ದರೆ ಸಾಕು, ದೊಡ್ಡ ಈಜುಗಾರರೇ ಆಗಬೇಕಿಲ್ಲ, ಲೈಫ್ ಜಾಕೆಟ್ ಕೊಡುತ್ತಾರೆ. ಹಿಡಿತ ಚೆನ್ನಾಗಿರುವ, ನೀರು ಬೇಗ ಬಸಿದು ಹೋಗುವ ಶೂ ಬೇಕು. ಚಪ್ಪಲಿ ಆಗುವುದಿಲ್ಲ. ಬೇಗ ಒಣಗುವ ಬಟ್ಟೆ, ಕನ್ನಡಕ ಇದ್ದವರಿಗೆ ಹಿಂದೆ ಕಟ್ಟುವ ದಾರ, ಮತ್ತು ಮರೆಯದೆ ಒಂದು ಜೊತೆ ಕಾಲುಚೀಲ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ಬದಲಿ ಬಟ್ಟೆ ವ್ಯಾನಿನಲ್ಲೇ ಇರಲಿ.

ಕ್ಯಾಮೆರಾ, ಫೋನು ಯಾವುದೂ ಒಳಗಿಲ್ಲ. 2012ರಲ್ಲಿ ಒಬ್ಬ ಪ್ರವಾಸಿಯ ಕೈಯಿಂದ ಕ್ಯಾಮೆರಾ ಜಾರಿ ತಲೆಬುರುಡೆಯ ಮೇಲೆ ಬಿತ್ತು, ಬುರುಡೆ ತೂತಾಯಿತು. ಆಮೇಲೆ ಪೂರ್ತಿ ನಿಷೇಧ. ನಮ್ಮ ಗುಂಪಿನಲ್ಲಿ ಒಬ್ಬರು ಇದಕ್ಕೆ ಸಿಕ್ಕಾಪಟ್ಟೆ ಗೊಣಗಿದರು. ನನಗಂತೂ ಇದಕ್ಕಿಂತ ಒಳ್ಳೆಯ ನಿಯಮ ಇಲ್ಲ ಅನಿಸಿತು. ಯಾರೂ ಸೆಲ್ಫಿಗೆ ನಿಲ್ಲುವುದಿಲ್ಲ. ಎಲ್ಲರ ಕಣ್ಣೂ ಗುಹೆಯ ಮೇಲೇ.

ವ್ಯಾನ್ ಇಳಿದ ಮೇಲೆ ಕಾಡಿನಲ್ಲಿ ಮುಕ್ಕಾಲು ಗಂಟೆ ನಡಿಗೆ. ದಾರಿಯಲ್ಲಿ ಮೂರು ಕಡೆ ಹೊಳೆ ದಾಟಬೇಕು. ಮೊದಲ ಕಡೆಯೇ ಎದೆಮಟ್ಟ ನೀರು. ಗುಹೆಯ ಬಾಯಿಯಿಂದಲೇ ಆ ಹೊಳೆ ಹೊರಗೆ ಬರುತ್ತದೆ. ಬಾಯಲ್ಲಿ ಹಸಿರು-ನೀಲಿ ಮಡು, ಕಾಲಿಗೆ ನೆಲ ಸಿಗುವುದಿಲ್ಲ. ಅಲ್ಲಿಂದ ಈಜಿಯೇ ಒಳಗೆ ಹೋಗಬೇಕು. ಆಮೇಲೆ ಹರಿವಿಗೆ ಎದುರಾಗಿ ನಡಿಗೆ. ಕೆಲವು ಕಡೆ ಮೊಣಕಾಲು, ಕೆಲವು ಕಡೆ ಕುತ್ತಿಗೆ. ಒಂದು ಸಂದಿನಲ್ಲಿ ತಲೆ ಒಂದು ಕಡೆಗೆ ವಾಲಿಸಿ, ಎರಡು ಬಂಡೆಗಳ ನಡುವೆ ಕುತ್ತಿಗೆ ತೂರಿಸಿ ದಾಟಬೇಕಾಯಿತು. ಇಕ್ಕಟ್ಟು ಅಂದರೆ ಉಸಿರು ಕಟ್ಟುವವರು ಇದನ್ನು ಮೊದಲೇ ಯೋಚಿಸಿ.

ಸುಮಾರು ಅರ್ಧ ಕಿಲೋಮೀಟರ್ ಹೀಗೆ ಹೋದ ಮೇಲೆ ಒಂದು ದೊಡ್ಡ ಬಂಡೆ ಹತ್ತಿಸಿದರು. ಮೇಲೆ ಒಣ ನೆಲ. ಅಲ್ಲಿ ಶೂ ಕಳಚಿ ಬರೀ ಕಾಲುಚೀಲದಲ್ಲಿ ನಡೆಯಬೇಕು. ಚರ್ಮದ ಎಣ್ಣೆ-ಬೆವರು ಸುಣ್ಣಕಲ್ಲಿಗೆ ತಾಗಬಾರದು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ, ಶೂ ಇಲ್ಲದಿದ್ದರೆ ಎಂಥವರೂ ಹೆಜ್ಜೆ ನೋಡಿಕೊಂಡೇ ಇಡುತ್ತಾರೆ, ಅಲ್ವಾ? ಮಡಕೆಗಳು ದಾರಿಯಿಂದ ಒಂದು ಗೇಣು ದೂರದಲ್ಲಿರುತ್ತವೆ. ಗಾಜಿನ ಪೆಟ್ಟಿಗೆ ಇಲ್ಲ, ಕಟಕಟೆ ಇಲ್ಲ. ನೆಲದಲ್ಲಿ ಒಂದು ಬಣ್ಣದ ಟೇಪು, ಅಷ್ಟೆ.

ಒಂದು ಮಡಕೆಯ ಮುಂದೆ ನಾನು ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಹೊಟ್ಟೆ ಅಗಲ, ಕುತ್ತಿಗೆ ಗಿಡ್ಡ. ನೀರಿನ ಜೊತೆ ಬಂದ ಸುಣ್ಣ ಅದರ ತಳವನ್ನು ನೆಲಕ್ಕೇ ಬೆಸೆದಿತ್ತು. ಮಡಕೆ ಎಲ್ಲಿ ಮುಗಿಯಿತು, ಬಂಡೆ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅಂಚಿನ ಹತ್ತಿರ ಒಂದು ತೂತು. ತಾನಾಗಿ ಆದದ್ದಲ್ಲ. ಪೂಜೆ ಮುಗಿದ ಮೇಲೆ ಮಡಕೆಯೊಳಗಿನ ಜೀವ ಹೊರಗೆ ಹೋಗಲಿ ಅಂತ ಬೇಕಂತಲೇ ಒಡೆಯುತ್ತಿದ್ದರಂತೆ. ಇನ್ನೊಂದು ಒಡೆದ ಮಡಕೆಯ ಅಂಚಿನಲ್ಲಿ ಒಂದು ಪುಟಾಣಿ ಕೋತಿಯ ಆಕೃತಿ. ಗೈಡ್ ತೋರಿಸದಿದ್ದರೆ ನಾನು ಸುಮ್ನೆ ದಾಟಿಬಿಡುತ್ತಿದ್ದೆ.

ಮಳೆ, ಮೋಡ, ನೀರು ಎಲ್ಲ ಗುಹೆಯಿಂದಲೇ ಹುಟ್ಟುತ್ತವೆ ಅನ್ನುವುದು ಮಾಯಾ ಜನರ ನಂಬಿಕೆ. ಮಳೆ ದೇವರು ಚಾಕ್ ಇರುವುದೂ ಅಲ್ಲೇ. ಸತ್ತವರ ಲೋಕ ಶಿಬಾಲ್ಬಾಕ್ಕೆ ಬಾಗಿಲೂ ಅದೇ. ತೊಟ್ಟಿಕ್ಕುವ ನೀರಿನಲ್ಲಿರುವ ಸುಣ್ಣ ಪದರ ಪದರವಾಗಿ ಗಟ್ಟಿಯಾಗಿ ಗುಹೆಯಲ್ಲಿ ಕೋಲುಗಳು ಬೆಳೆಯುತ್ತವೆ. ಮೇಲಿನ ಈ ಸುಣ್ಣದ ಕೋಲುಗಳಿಂದ ತೊಟ್ಟಿಕ್ಕುವ ನೀರನ್ನು ಮೆಕ್ಸಿಕೋದ ಯುಕಟಾನ್ ಕಡೆ 'ಸುಹುಯ್ ಹಾ' ಅನ್ನುತ್ತಾರೆ. ನೆಲ ಮುಟ್ಟುವ ಮೊದಲೇ ಮಡಕೆಯಲ್ಲಿ ಹಿಡಿದು ಪೂಜೆಗೆ ಬಳಸುವ ನೀರು. ನಮ್ಮ ಅಜ್ಜಿಯ ಮಡಿ ನೀರು ಇದ್ದ ಹಾಗೆ.

ಇಲ್ಲಿ ಸಂಶೋಧನೆ ನಡೆಸಿದ್ದು ಬೆಲೀಜ್‌ನವರೇ ಆದ ಪುರಾತತ್ವಜ್ಞ ಹೈಮೆ ಆವೆ ಮತ್ತು ಅವರ ತಂಡ, 1990ರ ದಶಕದಲ್ಲಿ. ಇಲ್ಲಿನ ಪೂಜೆ ಜೋರಾಗಿದ್ದದ್ದು ಕ್ರಿ.ಶ. 700ರಿಂದ 900ರ ಸುಮಾರಿಗೆ. ಆ ಕಾಲ ಏನು ಗೊತ್ತಾ? ಬರದ ಕಾಲ. ದಕ್ಷಿಣ ಬೆಲೀಜ್‌ನ ಯೋಕ್ ಬಾಲುಮ್ ಎಂಬ ಇನ್ನೊಂದು ಗುಹೆಯ ಸುಣ್ಣದ ಕೋಲನ್ನು ಪದರ ಪದರವಾಗಿ ಪರೀಕ್ಷಿಸಿ 2012ರಲ್ಲಿ ವಿಜ್ಞಾನಿಗಳು ಹೇಳಿದ್ದು ಇದನ್ನೇ: ಕ್ರಿ.ಶ. 660ರ ನಂತರ ಮಳೆ ಕಡಿಮೆಯಾಗುತ್ತಾ ಹೋಗಿದೆ, ನಡುನಡುವೆ ಭಾರಿ ಬರ ಬಿದ್ದಿದೆ. ಜನ ಯಾವ ನೀರಿಗಾಗಿ ಗುಹೆಗೆ ಹೋಗುತ್ತಿದ್ದರೋ, ಅದೇ ತೊಟ್ಟು ನೀರು ಕಲ್ಲಿನಲ್ಲಿ ಬರದ ಲೆಕ್ಕ ಬರೆದಿಟ್ಟಿದೆ. ಕಷ್ಟ ಹೆಚ್ಚಾದಂತೆ ಅವರು ಇನ್ನೂ ಒಳಗೆ, ಇನ್ನೂ ಕತ್ತಲೆಗೆ ಹೋದರು ಅನ್ನುತ್ತಾರೆ ಸಂಶೋಧಕರು. ಒಂದು ಕಡೆ ನಿಲ್ಲಿಸಿದ ಸ್ಲೇಟು ಕಲ್ಲುಗಳಿವೆ. ಒಂದು ತೊರಕೆ ಮೀನಿನ ಮುಳ್ಳಿನ ಆಕಾರ, ಇನ್ನೊಂದು ಕಲ್ಲಿನ ಚಾಕುವಿನ ಆಕಾರ. ಎರಡೂ ತಮ್ಮ ಮೈಯಿಂದಲೇ ರಕ್ತ ತೆಗೆದು ಅರ್ಪಿಸಲು ಬಳಸುತ್ತಿದ್ದ ಸಾಧನಗಳು.

ಆಮೇಲೆ ಕೊಟ್ಟದ್ದು ಮನುಷ್ಯರನ್ನು. ಒಳಗೆ 14 ಜನರ ಎಲುಬುಗಳು ಸಿಕ್ಕಿವೆ, ಪುಟ್ಟ ಮಕ್ಕಳದ್ದೂ ಇವೆ. ಎಲ್ಲಕ್ಕಿಂತ ಕೊನೆಗೆ, ಏಣಿ ಹತ್ತಿ ನೋಡಬೇಕಾದ್ದು 'ಕ್ರಿಸ್ಟಲ್ ಮೇಡನ್', ಅಂದರೆ ಹರಳಿನ ಕನ್ಯೆ. ಕೈಕಾಲು ಚೆಲ್ಲಿ ಅಂಗಾತ ಬಿದ್ದ ಪೂರ್ತಿ ಅಸ್ಥಿಪಂಜರ, ಮೈತುಂಬ ಸುಣ್ಣದ ಹರಳು. ಟಾರ್ಚ್ ಬಿಟ್ಟರೆ ಮಿಣಮಿಣ ಹೊಳೆಯುತ್ತದೆ. ಎಷ್ಟೋ ಕಾಲ ಹುಡುಗಿ ಅಂದುಕೊಂಡಿದ್ದರು. ಹದಿಹರೆಯದ ಹುಡುಗ ಇರಬಹುದು ಅನ್ನುವುದು ಈಗಿನ ಅಭಿಪ್ರಾಯ. ಜಾಹೀರಾತಿನಲ್ಲಿ ಮಾತ್ರ ಈಗಲೂ ಅದೇ ಹೆಸರು, ಕನ್ಯೆ ಅಂದರೆ ಟಿಕೆಟ್ ಜಾಸ್ತಿ ಹೋಗುತ್ತದೇನೋ! ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಆಗಲಿಲ್ಲ. ಒಬ್ಬರ ಮನೆಯ ಸಾವಿಗೆ ಕರೆಯದೆ ಹೋದ ಮುಜುಗರ.

ಮುಜುಗರಕ್ಕೆ ಕಾರಣವೂ ಇದೆ. ಮಾಯಾ ಜನ ಎಲ್ಲೂ ಮಾಯವಾಗಿಲ್ಲ, ಲಕ್ಷಗಟ್ಟಲೆ ಇದ್ದಾರೆ. 1959ರಲ್ಲಿ ಮೆಕ್ಸಿಕೋದ ಚಿಚೆನ್ ಇಟ್ಜಾ ಹತ್ತಿರ ಬಾಲಂಕಾಂಚೆ ಗುಹೆಯಲ್ಲಿ ಮುಚ್ಚಿಹೋಗಿದ್ದ ಒಳಕೋಣೆಗಳು ಸಿಕ್ಕಾಗ, ಅಲ್ಲಿನ ಊರ ಪೂಜಾರಿಗಳು ಬಂದು, ದೇವತೆಗಳ ಜಾಗ ಕದಡಿದ್ದಕ್ಕೆ ಕ್ಷಮೆ ಕೇಳುವ ಪೂಜೆ ಮಾಡಿದ್ದರು. ಆ ಗುಹೆಗೆ ನಾವು ಹಿಂದೊಮ್ಮೆ ಹೋಗಿದ್ದೆವು. ಛಾವಣಿಯಿಂದ ಇಳಿದ ಕಲ್ಲೂ ನೆಲದಿಂದ ಎದ್ದ ಕಲ್ಲೂ ಸೇರಿ ದೊಡ್ಡ ಮರದ ಹಾಗೆ ನಿಂತಿದೆ, ಸುತ್ತ ಮಳೆ ದೇವರ ಮುಖದ ಧೂಪದ ಪಾತ್ರೆಗಳು. ನೋಡಲು ಸುಲಭ, ಆದರೆ ಒಳಗೆ ವಿಪರೀತ ಸೆಖೆ. ಉಬ್ಬಸ ಇರುವವರಿಗೆ ಬೇಡ.

ಎಟಿಎಂ ಕಷ್ಟ ಅನ್ನುವವರು ಬಾರ್ಟನ್ ಕ್ರೀಕ್ ಗುಹೆಗೆ ಹೋಗಿ. ದೋಣಿಯಲ್ಲಿ ಕೂತೇ ಒಳಗೆ ಹೋಗುವುದು. ಅತ್ತೆ ಮಾವನ ಜೊತೆ ಬಂದವರಿಗೆ ಅದೇ ಸರಿ. ಎಲುಬು, ಮಡಕೆ ಅಲ್ಲೂ ಇವೆ, ಆದರೆ ದೂರದಿಂದ ನೋಡಬೇಕು.

ಸಸ್ಯಾಹಾರಿಗಳು ಒಂದು ಗಮನಿಸಿ. ಅಲ್ಲಿನ 'ರೈಸ್ ಅಂಡ್ ಬೀನ್ಸ್' ನೋಡಲು ನಮ್ಮ ಹುರುಳಿಕಾಳಿನ ಅನ್ನ ಅನಿಸುತ್ತದೆ. ಎಷ್ಟೋ ಕಡೆ ಅದರ ಜೊತೆ ಹಂದಿ ಬಾಲ ಬೇಯಿಸಿರುತ್ತಾರೆ. ಕೇಳಿಯೇ ತಿನ್ನಿ. ನಾವು ಒಗ್ಗರಣೆ ಹಾಕಿದ ಅವಲಕ್ಕಿ ಒಯ್ದಿದ್ದೆವು. ಹೋಗಲು ಫೆಬ್ರವರಿಯಿಂದ ಮೇ ಒಳ್ಳೆಯದು. ಜೂನ್ ನಂತರ ಮಳೆ, ಹೊಳೆ ಏರಿದರೆ ಬಾಗಿಲಿಂದಲೇ ವಾಪಸ್ ಕಳಿಸುತ್ತಾರೆ. ಹಾಗಾಗಿ ಬಂದಿಳಿದ ಮರುದಿನಕ್ಕೇ ಗುಹೆ ಬುಕ್ ಮಾಡಿ, ಅದರ ನಂತರ ಒಂದೆರಡು ದಿನ ಖಾಲಿ ಇಟ್ಟುಕೊಳ್ಳಿ. ಗುಹೆ ಮೊದಲ ದಿನವೇ ಮುಗಿದರೆ ಉಳಿದ ದಿನಕ್ಕೆ ಹತ್ತಿರದಲ್ಲೇ ಶುನಾನ್ತುನಿಚ್ ಪಿರಮಿಡ್ ಇದೆ. ಅಲ್ಲಿ ಫೋಟೊ ಎಷ್ಟು ಬೇಕಾದರೂ ತೆಗೆಯಬಹುದು.