ಬಿಸಿಲಲ್ಲಿ ಓಡಾಡುವವರಿಗೆ: ಕುತ್ತಿಗೆಗೆ ಒದ್ದೆ ಬಟ್ಟೆ

ಬಿಸಿಲಲ್ಲಿ ಹೊರಗೆ ಕೆಲಸ ಇದ್ದರೆ ತೆಳು ಹತ್ತಿ ಬಟ್ಟೆಯನ್ನು ನೀರಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ಕುತ್ತಿಗೆಗೆ ಸಡಿಲವಾಗಿ ಸುತ್ತಿಕೊಳ್ಳಿ. ಫ್ರಿಜ್ ನೀರೇ ಬೇಕೆಂದಿಲ್ಲ, ನಲ್ಲಿ ನೀರು ಸಾಕು. ನೀರು ಆವಿಯಾಗುವಾಗ ಚರ್ಮದ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ, ಮಣ್ಣಿನ ಹೂಜಿಯಲ್ಲಿ ಆಗುವ ಹಾಗೆ. ಅದಕ್ಕೇ ಗಾಳಿ ತಾಗಬೇಕು. ಮೇಲೆ ಕಾಲರ್ ಮುಚ್ಚಿಕೊಂಡರೆ ಸುಮ್ನೆ ಶರ್ಟು ನೆನೆದದ್ದೇ ಬಂತು. ದಪ್ಪ ಟರ್ಕಿ ಟವೆಲ್ ಭಾರ, ಪಾಲಿಯೆಸ್ಟರ್ ನೀರು ಹಿಡಿಯುವುದಿಲ್ಲ. ನನ್ನ ಕೇಳಿದರೆ ಹಳೆ ಪಂಚೆಯ ತುಂಡೇ ಎಲ್ಲಕ್ಕಿಂತ ಒಳ್ಳೆಯದು. ಕಲಬುರಗಿ, ರಾಯಚೂರಿನ ಒಣ ಬಿಸಿಲಿಗೆ ಇದು ಹೇಳಿ ಮಾಡಿಸಿದ ಉಪಾಯ. ಅಲ್ಲಿ ಬೇಗ ಆರಿಬಿಡುತ್ತದೆ ಅಷ್ಟೇ, ಮತ್ತೆ ನೆನೆಸಲು ಬಾಟಲಿ ನೀರು ಜೊತೆಗಿರಲಿ. ಮಂಗಳೂರು, ಕಾರವಾರದ ಕಡೆ ಮೇ ತಿಂಗಳಲ್ಲಿ ಮೈಮೇಲಿನ ಬೆವರೇ ಆರುವುದಿಲ್ಲ, ಇನ್ನು ಬಟ್ಟೆ ಎಲ್ಲಿ ಆರೀತು, ಅಲ್ವಾ? ಅಲ್ಲಿ ಇದರಿಂದ ಜಾಸ್ತಿ ಪ್ರಯೋಜನ ಇಲ್ಲ. ಬೈಕಲ್ಲಿ ಹೋಗುವವರು ತುದಿಗಳನ್ನು ಶರ್ಟಿನೊಳಗೆ ಸಿಕ್ಕಿಸಿಕೊಳ್ಳಿ, ಚಕ್ರಕ್ಕೆ ಸಿಕ್ಕರೆ ಅಪಾಯ. ಇನ್ನೊಂದು ಮಾತು, ಕುತ್ತಿಗೆ ತಂಪಾದರೆ ಹಾಯೆನಿಸುತ್ತದೆ, ಆದರೆ ಮೈಯೊಳಗಿನ ಕಾವು ಅಷ್ಟೇನೂ ಇಳಿದಿರುವುದಿಲ್ಲ. ತಲೆ ಸುತ್ತು, ವಾಕರಿಕೆ ಶುರುವಾದರೆ ಬಟ್ಟೆ ನಂಬಿ ನಿಲ್ಲದೆ ನೆರಳಿಗೆ ಹೋಗಿ ನೀರು ಕುಡಿಯಿರಿ.