ಮೊದಲ ಪೈಥಾನ್ ಪ್ರೋಗ್ರಾಂ ಕೈಕೊಟ್ಟಾಗ

ಪೈಥಾನ್ ಕಲಿಯಲು ಕುಳಿತ ಮೊದಲ ದಿನ ಪ್ರೋಗ್ರಾಂ ರನ್ ಆಗದಿದ್ದರೆ ಎಲ್ಲರೂ ತಾವು ಬರೆದ ಕೋಡನ್ನೇ ಅನುಮಾನಿಸುತ್ತಾರೆ. ವಿಂಡೋಸ್ ಕಂಪ್ಯೂಟರಿನಲ್ಲಿ ಮೊದಲ ತೊಡಕು ಎಷ್ಟೋ ಸಲ ಕೋಡಿನ ಹೊರಗೇ ಇರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಎಂದು ಟೈಪ್ ಮಾಡಿದೊಡನೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ, ಒಂದೋ ಪೈಥಾನ್ ಇನ್‌ಸ್ಟಾಲ್ ಆಗಿಲ್ಲ, ಇಲ್ಲವೇ ಇನ್‌ಸ್ಟಾಲ್ ಮಾಡುವಾಗ ‘ಪಾತ್’ಗೆ ಸೇರಿಸುವ ಚೌಕಕ್ಕೆ ಗುರುತು ಹಾಕಿಲ್ಲ ಎಂದು ತಿಳಿಯಬೇಕು. ಪಾತ್ ಎಂದರೆ ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ. ಫೈಲ್ ಸಿಗುತ್ತಿಲ್ಲವೆಂಬ ಸಂದೇಶ ಬಂದರೆ, ನೋಟ್‌ಪ್ಯಾಡ್ ನಿಮ್ಮ ಫೈಲಿನ ಹೆಸರಿನ ಕೊನೆಗೆ ಸದ್ದಿಲ್ಲದೆ ಡಾಟ್ ಟಿಎಕ್ಸ್‌ಟಿ ಅಂಟಿಸಿರಬಹುದು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎಕ್ಸ್‌ಟೆನ್ಶನ್‌ಗಳು ಕಾಣುವಂತೆ ಮಾಡಿದರೆ ಇದು ತಕ್ಷಣ ಗೊತ್ತಾಗುತ್ತದೆ. ಕಮಾಂಡ್ ಪ್ರಾಂಪ್ಟ್ ಬೇರೆ ಫೋಲ್ಡರಿನಲ್ಲಿ ತೆರೆದಿದ್ದರೂ ಇದೇ ಸಂದೇಶ ಬರುತ್ತದೆ. ಫೈಲ್ ಇರುವ ಫೋಲ್ಡರನ್ನು ತೆರೆದು, ಮೇಲಿನ ವಿಳಾಸಪಟ್ಟಿಯಲ್ಲಿ ಸಿಎಂಡಿ ಎಂದು ಬರೆದು ಎಂಟರ್ ಒತ್ತಿದರೆ ಕಮಾಂಡ್ ಪ್ರಾಂಪ್ಟ್ ನೇರವಾಗಿ ಅದೇ ಫೋಲ್ಡರಿನಲ್ಲಿ ತೆರೆಯುತ್ತದೆ.

ಇಷ್ಟಾದ ಮೇಲೆ ಬರುವ ದೋಷಗಳು ಕೋಡಿನವು. ಪರದೆಯ ತುಂಬ ಸಾಲುಗಳು ಸುರಿದಾಗ ಗಾಬರಿಯಾಗದೆ ಕೊನೆಯ ಸಾಲನ್ನು ಮೊದಲು ಓದಬೇಕು. ದೋಷದ ಜಾತಿ ಮತ್ತು ಕಾರಣ ಅಲ್ಲಿರುತ್ತವೆ. ಸಾಲಿನ ಸಂಖ್ಯೆ ಅದಕ್ಕಿಂತ ತುಸು ಮೇಲಿರುತ್ತದೆ. ‘ಪ್ರಿಂಟ್’ನ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದರೆ ನೇಮ್ ಎರರ್ ಬರುತ್ತದೆ, ಏಕೆಂದರೆ ಪೈಥಾನ್‌ಗೆ ಇಂಗ್ಲಿಷಿನ ದೊಡ್ಡ ಅಕ್ಷರ ಬೇರೆ, ಸಣ್ಣ ಅಕ್ಷರ ಬೇರೆ. ಸಿಂಟ್ಯಾಕ್ಸ್ ಎರರ್ ತೋರಿಸಿದ ಸಾಲಿನಲ್ಲಿ ತಪ್ಪೇ ಕಾಣದಿದ್ದರೆ ಅದರ ಹಿಂದಿನ ಸಾಲನ್ನು ನೋಡಿ: ಅಲ್ಲೊಂದು ಆವರಣ ಮುಚ್ಚದೆ ಉಳಿದಿರಬಹುದು. 2021ರಲ್ಲಿ ಬಂದ 3.10ನೇ ಆವೃತ್ತಿಯಿಂದೀಚೆಗೆ ಪೈಥಾನ್ ಆವರಣ ಮುಚ್ಚಿಲ್ಲವೆಂಬುದನ್ನು ನೇರವಾಗಿಯೇ ಹೇಳುತ್ತದೆ. ಹಳೆಯ ಆವೃತ್ತಿ ಇಟ್ಟುಕೊಂಡು ಒದ್ದಾಡಬೇಕಾದ ಅಗತ್ಯವಿಲ್ಲ. ವಾಟ್ಸಾಪ್‌ನಿಂದಲೋ ವರ್ಡ್‌ನಿಂದಲೋ ಕೋಡನ್ನು ನಕಲು ಮಾಡಿದ್ದರೆ ಉದ್ಧರಣ ಚಿಹ್ನೆಗಳನ್ನು ಅಳಿಸಿ ಮತ್ತೆ ಟೈಪ್ ಮಾಡಿ, ಏಕೆಂದರೆ ಬಾಗಿದ ಚಿಹ್ನೆಗಳನ್ನು ಪೈಥಾನ್ ಒಪ್ಪುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ದೋಷ ಸಂದೇಶವೇ ಬಾರದ ತಪ್ಪು. ಟೊಮೆಟೊ ಮತ್ತು ಈರುಳ್ಳಿಯ ಬೆಲೆಯನ್ನು ‘ಇನ್‌ಪುಟ್’ ಮೂಲಕ ಕೇಳಿ ಎರಡನ್ನೂ ಕೂಡಿಸುವ ನಾಲ್ಕು ಸಾಲಿನ ಪ್ರೋಗ್ರಾಂ ಬರೆದಿದ್ದೀರಿ ಎನ್ನಿ. 40 ಮತ್ತು 25 ಕೊಟ್ಟಾಗ ಅದು 65ರ ಬದಲು 4025 ಎಂದು ತಣ್ಣಗೆ ಉತ್ತರಿಸುತ್ತದೆ. ಇನ್‌ಪುಟ್ ಏನನ್ನೇ ತಂದರೂ ಅಕ್ಷರಗಳ ಸರಣಿಯಾಗಿ ತರುತ್ತದೆ, ಮತ್ತು ಎರಡು ಸರಣಿಗಳ ನಡುವೆ ಕೂಡುವ ಚಿಹ್ನೆ ಹಾಕಿದರೆ ಅವು ಒಂದರ ಪಕ್ಕ ಒಂದು ಅಂಟಿಕೊಳ್ಳುತ್ತವೆ. ಬೆಲೆಗಳನ್ನು ಪೂರ್ಣಾಂಕವಾಗಿಸುವ ‘ಇಂಟ್’ನಿಂದ ಸುತ್ತಿದರೆ 65 ಬರುತ್ತದೆ. ಆದರೆ ಯಾರಾದರೂ 40.50 ಎಂದು ಕೊಟ್ಟೊಡನೆ ಪ್ರೋಗ್ರಾಂ ವ್ಯಾಲ್ಯೂ ಎರರ್ ಎಂದು ನಿಲ್ಲುತ್ತದೆ. ಆಗ ಇಂಟ್ ಜಾಗದಲ್ಲಿ ದಶಮಾಂಶವನ್ನೂ ಒಪ್ಪುವ ‘ಫ್ಲೋಟ್’ ಬರೆಯಬೇಕು. ಇಂತಹ ತಪ್ಪು ಎಲ್ಲಿದೆಯೆಂದು ಹೊಳೆಯದಿದ್ದಾಗ, ನಡುನಡುವೆ ಪ್ರಿಂಟ್ ಸಾಲುಗಳನ್ನು ಹಾಕಿ ಪ್ರತಿ ಹೆಸರಿನೊಳಗೆ ಏನಿದೆ, ಅದು ಯಾವ ಬಗೆಯದು ಎಂದು ನೋಡುವುದು ಹಳೆಯ ಉಪಾಯವಾದರೂ ನಾನು ಈಗಲೂ ಬಳಸುವುದು ಅದನ್ನೇ.

ಕನ್ನಡದಲ್ಲಿ ಪ್ರಯೋಗ ಮಾಡುವವರಿಗೆ ಕೆಲವು ವಿಶೇಷ ಅಚ್ಚರಿಗಳಿವೆ. ಪೈಥಾನ್ 3ರಲ್ಲಿ ಚರಗಳಿಗೆ (ಮಾಹಿತಿಯನ್ನು ಹಿಡಿದಿಡುವ ವೇರಿಯಬಲ್‌ಗಳಿಗೆ) ಕನ್ನಡದಲ್ಲೇ ಹೆಸರಿಡಬಹುದು. ಆದರೆ ಕೋಡಿನೊಳಗೆ ೧೨ ಎಂದು ಬರೆದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಅದೇ ೧೨ ಅನ್ನು ಇನ್‌ಪುಟ್‌ನಲ್ಲಿ ಕೊಟ್ಟು ಇಂಟ್‌ಗೆ ಒಪ್ಪಿಸಿದರೆ ಮಾತ್ರ ಅದು ಹನ್ನೆರಡೆಂದೇ ಸ್ವೀಕಾರವಾಗುತ್ತದೆ. ‘ಕನ್ನಡ’ ಎಂಬ ಪದದ ಉದ್ದವನ್ನು ‘ಲೆನ್’ನಿಂದ ಕೇಳಿದರೆ 3 ಅಲ್ಲ, 5 ಎಂಬ ಉತ್ತರ ಬರುತ್ತದೆ. ಇದು ನಿಮ್ಮ ತಪ್ಪಲ್ಲ: ಯೂನಿಕೋಡ್‌ನಲ್ಲಿ ‘ನ್ನ’ ಎಂಬುದು ಒಂದು ನ, ಅದರ ಸ್ವರವನ್ನು ಕಳೆಯುವ ಒಂದು ಹಲಂತ ಚಿಹ್ನೆ, ಇನ್ನೊಂದು ನ ಎಂದು ಮೂರಾಗಿ ಸೇರಿರುತ್ತದೆ.

ಇನ್ನೊಂದು ಬಲೆಯೆಂದರೆ ಫೈಲಿನ ಹೆಸರು. ಪಾಠದ ವಿಷಯ ರ‍್ಯಾಂಡಮ್ ಸಂಖ್ಯೆಗಳೆಂದು ಫೈಲಿಗೂ ರ‍್ಯಾಂಡಮ್ ಎಂದೇ ಹೆಸರಿಟ್ಟರೆ, ಇಂಪೋರ್ಟ್ ಮಾಡಿದಾಗ ಪೈಥಾನ್ ತನ್ನ ಮಾಡ್ಯೂಲಿನ (ಸಿದ್ಧ ಕೋಡಿನ ಫೈಲಿನ) ಬದಲು ನಿಮ್ಮ ಫೈಲನ್ನೇ ಎತ್ತಿಕೊಂಡು ಅರ್ಥವಾಗದ ದೂರು ಹೇಳುತ್ತದೆ. ಫೈಲಿನ ಹೆಸರು ಬದಲಿಸಿದರೆ ಸರಿಹೋಗುತ್ತದೆ. ಪ್ರೋಗ್ರಾಂ ನಿಲ್ಲದೆ ಸುತ್ತುತ್ತಲೇ ಇದ್ದರೆ ಕಂಟ್ರೋಲ್ ಕೀ ಹಿಡಿದು ಸಿ ಒತ್ತಿ, ಲೂಪಿನ (ಮತ್ತೆ ಮತ್ತೆ ನಡೆಯುವ ಭಾಗದ) ಷರತ್ತಿನಲ್ಲಿರುವ ಚರದ ಬೆಲೆ ಪ್ರತಿ ಸುತ್ತಿನಲ್ಲೂ ಬದಲಾಗುತ್ತಿದೆಯೇ ಎಂದು ನೋಡಿ.